ಆಟಗಾರ ಕ್ಲಬ್ಬಿನವನು, ಕೌಂಟಿ ಕಡ ತಗೊಂಡಿರೋದು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಅರ್ಧ ಗಂಟೆ ಮಾತಾಡಿ ಅಂದಿದ್ರು, ಈಗ ನೋಡಿದ್ರೆ ಮಕ್ಕಳ ಡ್ಯಾನ್ಸ್ ಲೇಟಾಗಿದೆ, ಇಪ್ಪತ್ತೇ ನಿಮಿಷ ಅಂತಿದಾರೆ. ಇರಲಿ, ಮೇನ್ ವಿಷಯ ಹೇಳಿಬಿಡ್ತೀನಿ. ಐರ್ಲೆಂಡಿನ ಸ್ವಂತ ಆಟಗಳಾದ ಗೇಲಿಕ್ ಫುಟ್‌ಬಾಲ್, ಕೋಲಲ್ಲಿ ಆಡೋ ಹರ್ಲಿಂಗ್, ಇವನ್ನ ನಡೆಸೋ ಸಂಸ್ಥೆ ಜಿಎಎ. ಊರೂರಿಗೆ ಕ್ಲಬ್ಬು, ಆ ಕ್ಲಬ್ಬುಗಳಿಂದ ಆರಿಸಿದ ಆಟಗಾರರದ್ದು ಕೌಂಟಿ, ಅಂದ್ರೆ ಜಿಲ್ಲೆಯ ತಂಡ.

ಜುಲೈ ಕೊನೆಗೆ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಸ್ಟೇಡಿಯಮ್ಮಲ್ಲಿ ಕೌಂಟಿಗಳ ಆಲ್ ಐರ್ಲೆಂಡ್ ಫೈನಲ್ ಮುಗೀತಾ, ಅವತ್ತಿಂದ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಂದೇ ರಾಗ, ಸೀಸನ್ ಮುಗೀತು, ಇನ್ನು ಸಪ್ಪೆ ಅಂತ. ರೀ, ಸೀಸನ್ ಶುರುವಾಗೋದೇ ಈಗ! ನಿಮ್ಮ ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ಕ್ಲಬ್ ಚಾಂಪಿಯನ್‌ಶಿಪ್ ನಡೀತಿರತ್ತೆ, ಅಲ್ಲಿ ಆಡೋ ಹುಡುಗ ಶನಿವಾರ ಬೆಳಿಗ್ಗೆ ನಿಮ್ಮ ಮಗಳಿಗೆ ಚೆಂಡನ್ನ ಕಾಲಿಂದ ಕೈಗೆ ಚಿಮ್ಮಿಸ್ತಾ ಓಡೋ ಸೋಲೋ, ನೆಲದಿಂದ ಚೆಂಡು ಎತ್ತೋ ಪಿಕಪ್ ಹೇಳಿಕೊಡೋ ಅದೇ ಹುಡುಗ, ಆದ್ರೆ ನಾವು ಮಾತ್ರ ಸೋಫಾ ಮೇಲೆ ಕೂತು ಪ್ರೀಮಿಯರ್ ಲೀಗ್ ಹಾಕ್ಕೊಂಡಿರ್ತೀವಿ.

ನನ್ನ ವಾದ ಇಷ್ಟೇ. ಆಟಗಾರ ಕ್ಲಬ್ಬಿನವನು. ಕೌಂಟಿ ಅವನನ್ನ ಕಡ ತಗೊಂಡಿರೋದು. ಮದುವೆಗೆ ಅಂತ ಪಕ್ಕದ ಮನೆ ಕೊಪ್ಪರಿಗೆ ತಂದ್ರೆ ತೊಳೆದು ವಾಪಸ್ ಕೊಡಬೇಕು ತಾನೇ? ಹಿಂದೆಲ್ಲಾ ಕೌಂಟಿಯವರು ಏನ್ ಮಾಡ್ತಿದ್ರು, ಚಳಿಗಾಲದಲ್ಲೇ ತಗೊಂಡು ಹೋಗೋರು, ಸೆಪ್ಟೆಂಬರ್ ಮೂರನೇ ಭಾನುವಾರ ಫುಟ್‌ಬಾಲ್ ಫೈನಲ್ ಆಗೋ ತನಕ ಇಟ್ಕೊಳ್ಳೋರು, ಅಷ್ಟರಲ್ಲಿ ಊರಲ್ಲಿ ಕ್ಲಬ್ ಮ್ಯಾಚ್ ಯಾವತ್ತು ಅಂತ ಯಾರಿಗೂ ಗೊತ್ತಿರ್ತಿರಲಿಲ್ಲ. ಕೌಂಟಿ ಗೆದ್ರೆ ಮ್ಯಾಚ್ ಮುಂದಕ್ಕೆ, ಸೋತ್ರೆ ದಿಢೀರಂತ ಮುಂದಿನ ವಾರವೇ. ಕ್ಲಬ್ಬಿನ ಮಾಮೂಲಿ ಹುಡುಗ ಒಂದು ರಜೆ ಬುಕ್ ಮಾಡೋ ಹಾಗಿಲ್ಲ, ಅಣ್ಣನ ಮದುವೆ ಡೇಟ್ ಫಿಕ್ಸ್ ಮಾಡೋ ಹಾಗಿಲ್ಲ. ಕೌಂಟಿ ಆಡೋರು ನೂರಕ್ಕೆ ಇಬ್ಬರು ಅಂತಾರೆ. ಆ ಇಬ್ಬರಿಗೋಸ್ಕರ ಮಿಕ್ಕ ತೊಂಬತ್ತೆಂಟು ಜನ ಕಾಯೋದು!

ಅದಕ್ಕೇ 2017ರಲ್ಲಿ ಕ್ಲಬ್ ಪ್ಲೇಯರ್ಸ್ ಅಸೋಸಿಯೇಷನ್ ಹುಟ್ಕೊಂಡಿದ್ದು, ಫಿಕ್ಸ್ಚರ್, ಅಂದ್ರೆ ಮ್ಯಾಚ್ ವೇಳಾಪಟ್ಟಿ, ಸರಿ ಮಾಡಿ ಅನ್ನೋದೊಂದೇ ಅವರ ಮಂತ್ರ. 2018ರಲ್ಲಿ ಏಪ್ರಿಲ್ ತಿಂಗಳು ಕ್ಲಬ್ಬಿಗೆ ಅಂತ ಬಿಟ್ಟುಕೊಟ್ಟರು, ಪೇಪರ್ ಮೇಲೆ. ಕೊನೆಗೆ ಇದನ್ನ ಬಿಡಿಸಿದ್ದು ಯಾರು ಅಂದ್ರೆ ಕೋವಿಡ್. 2020ರಲ್ಲಿ ಬೇರೆ ದಾರಿ ಇಲ್ಲದೆ ಬೇಸಿಗೆಯಲ್ಲಿ ಕ್ಲಬ್ಬು, ಚಳಿಗಾಲದಲ್ಲಿ ಕೌಂಟಿ ಅಂತ ಬೇರೆ ಬೇರೆ ಆಡಿಸಿದ್ರು, ಅರೆ, ಇದು ಚೆನ್ನಾಗಿದೆಯಲ್ಲ ಅನ್ನಿಸ್ತು. 2021ರ ಕಾಂಗ್ರೆಸ್‌ನಲ್ಲಿ, ಅಂದ್ರೆ ಜಿಎಎ ವಾರ್ಷಿಕ ಮಹಾಸಭೆಯಲ್ಲಿ, ಕೌಂಟಿಗೆ ಮೊದಲು, ಕ್ಲಬ್ಬಿಗೆ ಆಮೇಲೆ ಅನ್ನೋ ಸ್ಪ್ಲಿಟ್ ಸೀಸನ್ ಪಾಸಾಯ್ತು, 2022ರಿಂದ ಜುಲೈಯಲ್ಲೇ ಫುಟ್‌ಬಾಲ್, ಹರ್ಲಿಂಗ್ ಎರಡೂ ಫೈನಲ್, ಆಮೇಲೆ ಹುಡುಗರು ಕ್ಲಬ್ಬಿಗೆ ವಾಪಸ್. ಅಸೋಸಿಯೇಷನ್‌ನವರು ಕೆಲಸ ಆಯ್ತು ಅಂತ ಅಂಗಡಿ ಮುಚ್ಕೊಂಡು ಹೋದ್ರು. ಗೆದ್ದ ಮೇಲೆ ಮುಚ್ಕೊಂಡು ಹೋದ ಸಂಘ ನೀವು ಬೇರೆ ಎಲ್ಲಾದ್ರೂ ನೋಡಿದ್ದೀರಾ? ನಮ್ಮವರಾಗಿದ್ರೆ ಬೆಳ್ಳಿಹಬ್ಬ ಮಾಡ್ತಿದ್ರು.

ಈಗ ಗೂಚ್ ಕಥೆ. ನನಗೆ ಗೊತ್ತಿರೋರೆಲ್ಲ ಇದನ್ನ ಕೇಳಿದಾರೆ, ಮುಂದಿನ ಸಾಲಲ್ಲಿ ನನ್ನ ಹೆಂಡತಿ ಆಗಲೇ ಫೋನ್ ತೆಗೆದಳು. ಕೆರ್ರಿ ಕೌಂಟಿಯ ಫುಟ್‌ಬಾಲ್ ಆಟಗಾರ ಕೋಲ್ಮ್ ಕೂಪರ್, ಗೂಚ್ ಅವನ ಅಡ್ಡಹೆಸರು. ತೆಳ್ಳಗೆ, ಕೆಂಚು ಕೂದಲು, ನೋಡಿದ್ರೆ ಗಾಳಿಗೆ ಹಾರಿ ಹೋಗ್ತಾನೆ ಅನ್ನೋ ಹಾಗೆ. 2004, 2006, 2007, 2009, ಇಷ್ಟು ಸಲ ಕೌಂಟಿ ಜೊತೆ ಆಲ್ ಐರ್ಲೆಂಡ್ ಗೆದ್ದವನು, ವರ್ಷದ ಶ್ರೇಷ್ಠ ತಂಡಕ್ಕೆ ಆರಿಸೋ ಆಲ್ ಸ್ಟಾರ್ ಪ್ರಶಸ್ತಿ ಎಂಟು ಸಲ. ಆದ್ರೆ ಕಿಲಾರ್ನಿಯ ಡಾಕ್ಟರ್ ಕ್ರೋಕ್ಸ್, ಅವನ ಸ್ವಂತ ಕ್ಲಬ್ಬು, ಅದರ ಜೊತೆ ಮಾತ್ರ ಅವನಿಗೆ ಕ್ಲಬ್ಬುಗಳ ಆಲ್ ಐರ್ಲೆಂಡ್ ಸಿಗ್ತಾನೇ ಇರಲಿಲ್ಲ. 2007ರ ಕ್ಲಬ್ ಫೈನಲ್ ರೀಪ್ಲೇ ತನಕ ಹೋಗಿ ಕ್ರಾಸ್‌ಮಗ್ಲೆನ್ ಕೈಲಿ ಸೋತರು. ಅದೇ ವರ್ಷ ಸೆಪ್ಟೆಂಬರಲ್ಲಿ ಕೌಂಟಿ ಜೊತೆ ಕಪ್ ಎತ್ತಿದ, ಅದು ಬೇರೆ.

2014ರ ಫೆಬ್ರವರಿಗೆ ಬನ್ನಿ. ಪೋರ್ಟ್‌ಲೀಶಲ್ಲಿ ಕ್ಲಬ್ ಸೆಮಿಫೈನಲ್, ಎದುರಿಗೆ ಕ್ಯಾಸಲ್‌ಬಾರ್ ಮಿಚೆಲ್ಸ್. ಇಲ್ಲಿನ ಫೆಬ್ರವರಿ ನಿಮಗೇ ಗೊತ್ತು, ನಾಯಿನೂ ಹೊರಗೆ ಬರಲ್ಲ. ಕೌಂಟಿಯ ಅತಿ ದುಬಾರಿ ಕಾಲು, ದುಬಾರಿ ಅಂದೆ, ಯಾರೂ ಅವನಿಗೆ ಸಂಬಳ ಕೊಡಲ್ಲ ಬಿಡಿ, ಬ್ಯಾಂಕಲ್ಲಿ ಕೆಲಸ ಮಾಡ್ಕೊಂಡು ಆಡ್ತಿದ್ದೋನು, ಆ ಕಾಲು ಆ ಮಣ್ಣಲ್ಲಿ. ಮಂಡಿಯೊಳಗಿನ ಕ್ರೂಸಿಯೇಟ್ ಲಿಗಮೆಂಟ್ ಹರೀತು, ಮಂಡಿ ಚಿಪ್ಪೂ ಬಿರುಕು. ಮ್ಯಾಚೂ ಸೋತರು. ಆ ವರ್ಷ ಕೆರ್ರಿ ಕಥೆ ಮುಗೀತು ಅಂತ ಎಲ್ಲಾ ಕಡೆ ಬರೆದ್ರು. ಕೆರ್ರಿ ಏನ್ ಮಾಡ್ತು? ಅವನಿಲ್ಲದೇನೇ ಸೆಪ್ಟೆಂಬರಲ್ಲಿ ಡೊನಿಗಾಲ್‌ನ ಸೋಲಿಸಿ ಆಲ್ ಐರ್ಲೆಂಡ್ ಹೊಡೀತು! ಅಂದ್ರೆ ಎಂಥಾ ಗೂಚ್ ಆದ್ರೂ ಕೌಂಟಿಗೆ ಇನ್ನೊಬ್ಬ ಸಿಕ್ತಾನೆ, ಇಡೀ ಜಿಲ್ಲೆಯ ಕ್ಲಬ್ಬುಗಳು ಅದಕ್ಕೆ ಆಟಗಾರರನ್ನ ಕೊಡ್ತಾನೇ ಇರತ್ವೆ. ಕ್ಲಬ್ಬಿಗೆ ಎಲ್ಲಿಂದ ಸಿಗ್ತಾನೆ? ಅಲ್ಲೇ ಊರಲ್ಲಿ ಹುಟ್ಟಬೇಕು.

ಅವನು ಮತ್ತೆ ಬಂದ, ಕೌಂಟಿಗೆ ಆಡಿದ, ಆದ್ರೆ ನೋಡಿ, 2017ರ ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ಸ್ ಡೇ, ಕ್ಲಬ್ ಫೈನಲ್ಲು, ಸ್ಲಾಟ್‌ನೀಲ್ ಎದುರಿಗೆ ಅವನೇ ಗೋಲ್ ಹೊಡೆದು ಡಾಕ್ಟರ್ ಕ್ರೋಕ್ಸ್ ಗೆದ್ದ ಮೇಲೆ ಮುಂದಿನ ತಿಂಗಳೇ ಕೌಂಟಿಗೆ ಗುಡ್‌ಬೈ ಹೇಳಿದ. ಕ್ಲಬ್ಬಿನದೊಂದು ಬಾಕಿ ಇತ್ತು, ತೀರಿಸಿ ಹೋದ. ಹರ್ಲಿಂಗ್‌ನಲ್ಲೂ ಇದೇ, ಹೆನ್ರಿ ಶೆಫ್ಲಿನ್, ಕಿಲ್ಕೆನಿ ಕೌಂಟಿ ಜೊತೆ ಹತ್ತು ಆಲ್ ಐರ್ಲೆಂಡ್ ಮೆಡಲ್ಲು, ಕೊನೆಗೆ 2015ರ ಮಾರ್ಚಲ್ಲಿ ತನ್ನ ಕ್ಲಬ್ಬು ಬ್ಯಾಲಿಹೇಲ್ ಜೊತೆ ಕ್ಲಬ್ ಕಪ್ ಗೆದ್ದು ಮುಂದಿನ ವಾರ ಕೌಂಟಿ ಬಿಟ್ಟ.

ಈಗ ಯಾರಾದ್ರೂ ಕೇಳ್ತೀರ, ಹಾಗಾದ್ರೆ ಊರ ಕ್ಲಬ್ ಬಿಟ್ಟು ಹೋದ ಶೇನ್ ವಾಲ್ಷ್? ಕೇಳೇ ಕೇಳ್ತೀರ, ಡಬ್ಲಿನ್ನಿನ ಕಿಲ್‌ಮಕಡ್ ಕಡೆಯವರು ಇಲ್ಲೇ ಒಂದು ಟೇಬಲ್ ಇದೀರಲ್ಲ. 2022ರ ಫೈನಲಲ್ಲಿ ಕೆರ್ರಿ ವಿರುದ್ಧ ಗಾಲ್ವೇಗೆ ಒಂಬತ್ತು ಪಾಯಿಂಟ್ ಹೊಡೆದ, ಅದಾಗಿ ಸ್ವಲ್ಪ ದಿನಕ್ಕೆ ಊರ ಕ್ಲಬ್ಬು ಕಿಲ್ಕೆರಿನ್ ಕ್ಲೋನ್‌ಬರ್ನ್ ಬಿಟ್ಟು ಕಿಲ್‌ಮಕಡ್ ಕ್ರೋಕ್ಸ್‌ಗೆ ಟ್ರಾನ್ಸ್‌ಫರ್, ಮುಂದಿನ ಜನವರಿಯಲ್ಲಿ ಕ್ಲಬ್ ಆಲ್ ಐರ್ಲೆಂಡೂ ಗೆದ್ದ. ಆಗ ಡಬ್ಲಿನ್ನಲ್ಲಿ ಇದ್ದೋನು, ವಾರಕ್ಕೆ ಎಷ್ಟು ಸಲ ಅಂತ ದೇಶದ ಆ ತುದಿಗೆ ಡ್ರೈವ್ ಮಾಡ್ತಾನೆ, ಅವನು ಹೋಗಿದ್ದು ನ್ಯಾಯವೇ. ನಾವು ಬೈಯೋಕೆ ಹೋಗಬಾರದು, ಕೆಲಸಕ್ಕೆ ಅಂತ ಊರು ಬಿಟ್ಟು ಎಷ್ಟು ಸಾವಿರ ಮೈಲಿ ಬಂದೋರು ನಾವು. ಆದ್ರೆ ವಿಚಿತ್ರ ನೋಡಿ, ಕ್ಲಬ್ ಬದಲಾಯ್ತು, ಗಾಲ್ವೇ ಜರ್ಸಿ ಬದಲಾಗಲಿಲ್ಲ. ಕೌಂಟಿಗೆ ಒಂದು ರೋಮವೂ ಅಲ್ಲಾಡಲಿಲ್ಲ. ಪೂರ್ತಿ ನಷ್ಟ ಆ ಸಣ್ಣ ಊರಿಗೆ. ಕಡ ಕೊಟ್ಟ ಮನೆಯದೇ ಕೊಪ್ಪರಿಗೆ ಹೋಯ್ತು, ಮದುವೆ ಮನೇಲಿ ಊಟ ನಡೀತಾನೇ ಇದೆ.

ಎಷ್ಟು ನಿಮಿಷ? ಐದಾ? ಸರಿ ಸರಿ. ದುಡ್ಡಿನ ವಿಷಯ ಇಟ್ಕೊಂಡಿದ್ದೆ, ಕೌಂಟಿ ಮ್ಯಾಚಿನ ಗೇಟ್ ಕಲೆಕ್ಷನ್ನಿಂದಾನೇ ಕ್ಲಬ್ಬುಗಳಿಗೂ ಹಣ ಬರೋದು, ಆ ಕಡೆಯವರ ವಾದದಲ್ಲಿ ತೂಕ ಇದೆ. ಆಗಸ್ಟ್ ಸೆಪ್ಟೆಂಬರ್ ಪೂರ್ತಿ ರಗ್ಬಿಗೆ ಸಾಕರ್‌ಗೆ ಬಿಟ್ಟುಕೊಟ್ವಿ, ಮಕ್ಕಳು ಹೀರೋಗಳನ್ನ ಟಿವೀಲಿ ನೋಡೋದು ಕಮ್ಮಿ ಆಯ್ತು ಅನ್ನೋದೂ ನಿಜ. ಹದಿನಾರು ಹದಿನೇಳರ ಹುಡುಗರು ಸ್ಕೂಲು, ಕ್ಲಬ್ಬು, ಕೌಂಟಿಯ ಕಿರಿಯರ ತಂಡ ಅಂತ ಮೂರು ಕಡೆ ಹರಿದು ಹಂಚಿ ಹೋಗೋದು, ಅದು ಇನ್ನೊಂದಿನ.

ನಮ್ಮ ವಿಷಯ ಹೇಳಿ ಬಿಡ್ತೀನಿ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಡಬ್ಲಿನ್ ಜರ್ಸಿ ಹಾಕ್ತಾರೋ ಗೊತ್ತಿಲ್ಲ, ಹಾಕಲಿ. ಆದ್ರೆ ಚೆನ್ನಾಗಿ ಆಡಿದ್ರೆ ಮಾತ್ರ ಕೌಂಟಿ ಕರೆಯೋದು. ಕ್ಲಬ್ಬು ಹಾಗಲ್ಲ, ನರ್ಸರಿಯಲ್ಲಿ ಚೆಂಡು ಕಂಡ್ರೆ ಹೆದರಿ ಓಡೋ ಮಗೂನೂ ತಗೊಳ್ಳತ್ತೆ, ಹನ್ನೆರಡರ ಒಳಗಿನ ಮಕ್ಕಳ ಗೋ ಗೇಮ್ಸ್ ಮ್ಯಾಚಲ್ಲಿ ಎಲ್ಲರೂ ಆಡಲೇಬೇಕು, ಕಪ್ಪಿಗೋಸ್ಕರ ಯಾರನ್ನೂ ಬೆಂಚಲ್ಲಿ ಕೂರಿಸೋ ಹಾಗಿಲ್ಲ. ಇಲ್ಲಿ ಯಾರಾದ್ರೂ ತೀರಿಕೊಂಡ್ರೆ ಜರ್ಸಿ ಹಾಕ್ಕೊಂಡು ಎರಡು ಸಾಲಲ್ಲಿ ಬಂದು ನಿಲ್ಲೋದೂ ಕ್ಲಬ್ಬೇ.

ಫೈನಲ್ ಮತ್ತೆ ಆಗಸ್ಟಿಗೆ ತಳ್ಳಿ ಅನ್ನೋ ಕೂಗು ಪ್ರತಿ ವರ್ಷ ಏಳ್ತಾನೇ ಇದೆ. ಒಂದು ಸಲ ತಳ್ಳಿದ್ರೆ ಸೆಪ್ಟೆಂಬರಿಗೆ ತಳ್ಳೋಕೆ ಎಷ್ಟೊತ್ತು? ಅದನ್ನ ತಡೆಯೋ ಮೋಷನ್ ಶುರುವಾಗೋದು ಕ್ಲಬ್ ಎಜಿಎಂನಲ್ಲಿ, ಅಂದ್ರೆ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ, ಅಲ್ಲಿಂದ ಕೌಂಟಿಯ ಸಭೆ ಕನ್ವೆನ್ಷನ್, ಅಲ್ಲಿಂದ ಕಾಂಗ್ರೆಸ್. ಫುಲ್ ಮೆಂಬರ್‌ಶಿಪ್ ಕಟ್ಟಿರೋ ಅಪ್ಪ ಅಮ್ಮಂದಿರಿಗೆ ಅಲ್ಲಿ ಓಟಿದೆ. ನಮ್ಮಲ್ಲಿ ಮೆಂಬರ್‌ಶಿಪ್ ದುಡ್ಡು ಕಟ್ಟೋರು ಈ ಹಾಲ್ ತುಂಬ ಇದೀರ, ಎಜಿಎಂಗೆ ಹೋಗೋರು ಕೈ ಎತ್ತಿ ನೋಡೋಣ... ಹೂಂ, ಮೂರು ಕೈ, ಅದರಲ್ಲಿ ಒಬ್ಬರು ಬಿಸ್ಕೆಟ್‌ಗೆ ಹೋಗೋದು ನನಗೆ ಗೊತ್ತು. ಈ ಸಲ ನೋಟಿಸ್ ಬಂದ ತಕ್ಷಣ ಗ್ರೂಪಿಗೆ ಹಾಕ್ತೀನಿ, ಕಾರಲ್ಲಿ ನಾಲ್ಕು ಜನಕ್ಕೆ ಜಾಗ ಇದೆ, ಬೇಕಾದೋರು ಈಗಲೇ ಹೆಸರು ಕೊಡಿ.