ಮೊದಲು ಪ್ಲೇ ನೋಡಿ, ಆಮೇಲೆ ಅಲೈನ್‌ಮೆಂಟ್

ಕೇಳುಗರಿಗೆ ನಮಸ್ಕಾರ. ಕಲಾಸಿಪಾಳ್ಯದಲ್ಲಿ ಲೋಡ್ ಇಳಿಸಿ ಚಹಾ ಕುಡಿಯುತ್ತಿರುವ, ಪೀಣ್ಯದ ಯಾವುದೋ ಕಾರ್ಖಾನೆಯ ಗೇಟಿನ ಮುಂದೆ ಸರದಿ ಕಾಯುತ್ತಿರುವ ಪಿಕಪ್ ಚಾಲಕರಿಗೆ ಈ ಮಾತು. ಮಾಲೀಕರೂ ಕೇಳಿಸಿಕೊಂಡರೆ ಒಳ್ಳೆಯದು. ಟೈರಿಗೆ ದುಡ್ಡು ಕೊಡುವವರು ಅವರೇ ತಾನೆ.

ನಾನು ಹೇಳಬೇಕಾದದ್ದು ಒಂದೇ. ಮುಂದಿನ ಚಕ್ರದಲ್ಲಿ ಪ್ಲೇ, ಅಂದರೆ ಸವೆತದಿಂದ ಬಂದ ಸಡಿಲ ಅಲುಗಾಟ, ಇದ್ದರೆ ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಮಾಡಿಸಬೇಡಿ. ಮೊದಲು ಪ್ಲೇ ತೆಗೆಸಿ, ಆಮೇಲೆ ಅಲೈನ್‌ಮೆಂಟ್.

ಮುಂದಿನ ಎರಡು ಚಕ್ರಗಳು ನೇರಕ್ಕೆ ಮುಖ ಮಾಡಿವೆಯೋ, ಒಳಕ್ಕೋ ಹೊರಕ್ಕೋ ತಿರುಗಿವೆಯೋ ಎಂಬುದೇ ಟೋ. ಅಲೈನ್‌ಮೆಂಟಿನಲ್ಲಿ ಮುಖ್ಯವಾಗಿ ಸರಿಪಡಿಸುವುದು ಇದನ್ನೇ. ಚಕ್ರ ಒಂದು ಡಿಗ್ರಿ ಓರೆಯಾದರೆ ಸಾಕು, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಟೈರು ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಹೊಸಕೋಟೆಯಿಂದ ನೆಲಮಂಗಲಕ್ಕೆ ಹೋಗಿ ಬಂದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಗುರುತಿಸುವುದು ಸುಲಭ. ಟೈರಿನ ಮೇಲೆ ಅಡ್ಡಡ್ಡ ಅಂಗೈ ಆಡಿಸಿ. ಒಂದು ದಿಕ್ಕಿಗೆ ನುಣುಪಾಗಿದ್ದು, ಹಿಂದಕ್ಕೆ ಸವರುವಾಗ ಗರಗಸದ ಹಲ್ಲಿನಂತೆ ತಡೆದರೆ ಟೋ ಕೆಟ್ಟಿದೆ.

ಕೋಲಾರದಿಂದ ಟೊಮೆಟೊ ತರುವ ಚಾಲಕರೊಬ್ಬರು ನನ್ನ ಬಳಿ ಬಂದಿದ್ದರು. ಎಡಗಡೆ ಮುಂದಿನ ಟೈರಿನ ಒಳಅಂಚು ಸವೆದು ದಾರ ಕಾಣುತ್ತಿತ್ತು. ಹೊರಗಿನ ಅರ್ಧ ಮಾತ್ರ ಹೊಸದರ ಹಾಗೇ ಇತ್ತು. ಅಲೈನ್‌ಮೆಂಟ್ ಮಾಡಿಸಿದ ಚೀಟಿಗಳನ್ನೆಲ್ಲ ಜೋಪಾನವಾಗಿ ಮಡಚಿ ಆರ್‌ಸಿ ಪುಸ್ತಕದ ಕವರಿನಲ್ಲಿ ಇಟ್ಟುಕೊಂಡಿದ್ದರು. ಯಾವ ಚೀಟಿ ತೆಗೆದರೂ ಅಂಕಿಗಳೆಲ್ಲ ಹಸಿರು. ‘ನೋಡಿ ಸಾರ್, ಎಲ್ಲ ಸರಿಯಾಗಿದೆ, ಟೈರ್ ಕಂಪನಿಯದೇ ಮೋಸ’ ಎಂದರು.

ನಾನು ಜಾಕ್ ತರಿಸಿದೆ. ಅವರು ಷಾಸಿಯ, ಅಂದರೆ ಗಾಡಿಯ ಚೌಕಟ್ಟಿನ, ಕೆಳಗೆ ಕೊಡಲು ಹೋದರು. ಬೇಡ, ಚಕ್ರವನ್ನು ಷಾಸಿಗೆ ಜೋಡಿಸುವ ಕೆಳಗಿನ ಆರ್ಮ್ ಅಡಿಗೆ ಕೊಡಿ ಎಂದೆ. ಷಾಸಿ ಎತ್ತಿದರೆ ಸ್ಪ್ರಿಂಗ್ ಆರ್ಮನ್ನು ಒತ್ತಿ ಹಿಡಿದು, ಆರ್ಮಿನ ತುದಿಯಲ್ಲಿ ಚಕ್ರದ ಕಡೆ ಇರುವ ಗುಂಡು ಕೀಲಿನ, ಅಂದರೆ ಬಾಲ್ ಜಾಯಿಂಟಿನ, ಪ್ಲೇ ಅಡಗಿಬಿಡುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿದೆ. ಟಕ್ ಟಕ್ ಎಂದಿತು. ಬೇರಿಂಗ್ ಇರಬಹುದೆಂದರು. ಸರಿ, ಒಳಗೆ ಕುಳಿತು ಬ್ರೇಕ್ ತುಳಿಯಿರಿ ಎಂದೆ. ಬ್ರೇಕ್ ತುಳಿದಾಗ ಪ್ಲೇ ಮಾಯವಾದರೆ ಅದು ಬೇರಿಂಗ್. ಉಳಿದರೆ ಬಾಲ್ ಜಾಯಿಂಟ್. ತುಳಿದರು, ಟಕ್ ಟಕ್ ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟ್ ಹರಿದು, ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣು ತುಂಬಿತ್ತು.

ಹಾಗಾದರೆ ಅಲೈನ್‌ಮೆಂಟ್ ಯಂತ್ರ ಸುಳ್ಳು ಹೇಳಿತೇ? ಇಲ್ಲ. ನಿಂತ ಗಾಡಿಯ ಕೋನವನ್ನು ಅದು ಸರಿಯಾಗಿಯೇ ಅಳೆದಿತ್ತು. ಆದರೆ ಗಾಡಿ ಹೊರಗೆ ಹೋಗಿ ಮೊದಲ ಗುಂಡಿಗೆ ಬಿದ್ದ ಕೂಡಲೇ ಸವೆದ ಜಾಯಿಂಟ್ ಜಾಗ ಬದಲಿಸುತ್ತದೆ, ಕೋನವೂ ಬದಲಾಗುತ್ತದೆ. ನಮ್ಮ ಊರಿನಲ್ಲಿ ಮೊದಲ ಗುಂಡಿ ಎಷ್ಟು ದೂರ ಎಂದು ನಾನು ಹೇಳಬೇಕಾಗಿಲ್ಲ. ಅಷ್ಟು ಚೀಟಿಗಳ ದುಡ್ಡಿನಲ್ಲಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ ಒಳ್ಳೆಯ ಬಾಲ್ ಜಾಯಿಂಟನ್ನೇ ತರಬಹುದಿತ್ತು! ಸವೆದ ಜಾಯಿಂಟ್ ಕಳಚಿಕೊಂಡರೆ ಚಕ್ರ ಮಡಚಿಕೊಂಡು ಗಾಡಿ ರಸ್ತೆಯಲ್ಲೇ ಕುಸಿಯುತ್ತದೆ. ಟೈರಿನ ಮಾತು ಆಮೇಲೆ.

ಸಮಯ ಮುಗಿಯುತ್ತ ಬಂತೆಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಚಕ್ರದ ಎಡಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಪ್ಲೇ ಬಂದರೆ ಟೈ ರಾಡ್ ಎಂಡ್, ಅಂದರೆ ಸ್ಟಿಯರಿಂಗಿನ ಕಡೆಯಿಂದ ಚಕ್ರಕ್ಕೆ ಬರುವ ಸಲಾಕೆಯ ತುದಿಯ ಕೀಲು, ನೋಡಿ. ಮುಂದೆ ಉದ್ದ ಆಕ್ಸಲ್ ಇರುವ ಗಾಡಿಯಾದರೆ ಜಾಕ್ ಆಕ್ಸಲ್ ಅಡಿಗೆ. ಅಲ್ಲಿ ಬಾಲ್ ಜಾಯಿಂಟಿನ ಬದಲು ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್ ಇರುತ್ತದೆ, ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ. ಟೈರಿನಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಿ. ಅಲೈನ್‌ಮೆಂಟಿಗೆ ಮುಂಚೆ ಎರಡೂ ಟೈರಿಗೆ ಸಮನಾಗಿ ಗಾಳಿ ಹಿಡಿಸಿ. ಪ್ಲೇ ನೋಡದೆ ಗಾಡಿಯನ್ನು ನೇರ ಯಂತ್ರಕ್ಕೆ ಹತ್ತಿಸುವ ಅಂಗಡಿಯಾದರೆ, ದಯವಿಟ್ಟು ಗಾಡಿ ಇಳಿಸಿಕೊಂಡು ಬನ್ನಿ.

ಜಾಕ್ ಕೊಡುವ ಮುಂಚೆ ಹಿಂದಿನ ಚಕ್ರಕ್ಕೆ ಕಲ್ಲು ಇಡುವುದನ್ನು ಮರೆಯಬೇಡಿ. ನಮಸ್ಕಾರ.