ಊರ ಬಾಯಿ ಮುಚ್ಚಿಸಲು ತಿಂಗಳಿಗೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಸೋದರಮಾವ ಫೋನ್ ಮಾಡಿದ್ದರು. ತಿಪಟೂರಿನಲ್ಲಿ ಅವರದೊಂದು ಸಣ್ಣ ಟಿಫನ್ ಹೋಟೆಲ್ ಇದೆ. ಎಂಟು ಟೇಬಲ್, ಇಬ್ಬರು ಭಟ್ಟರು, ಗಲ್ಲಾದಲ್ಲಿ ಮಾವ. "ಲೋ, ಗೂಗಲ್‌ನಲ್ಲಿ ಯಾರೋ ನಮಗೆ ಒಂದು ಸ್ಟಾರ್ ಹಾಕಿದಾರೆ ಕಣೋ. ತೆಗೆಸಿಕೊಡ್ತೀವಿ ಅಂತ ಬೆಂಗಳೂರಿಂದ ಒಬ್ಬ ಹುಡುಗ ದಿನಾ ಫೋನ್ ಮಾಡ್ತಿದಾನೆ. ಕೊಡ್ಲಾ ದುಡ್ಡು?"

ನಾನು ಯಾವುದೋ ಕೆಲಸದಲ್ಲಿದ್ದೆ. "ಸಂಜೆ ಮಾತಾಡ್ತೀನಿ ಮಾವ" ಅಂದೆ. ಸಂಜೆ ಮಾತಾಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಮಾವ ಆ ಹುಡುಗನ ಏಜೆನ್ಸಿಗೆ ದುಡ್ಡು ಕೊಟ್ಟರು. ತಿಂಗಳಿಗೆ 18,000 ರೂಪಾಯಿ, ಆರು ತಿಂಗಳ ಅಗ್ರಿಮೆಂಟು. ಅದರ ಮೇಲೆ 18% ಜಿಎಸ್‌ಟಿ. ಒಟ್ಟು 1,27,440 ರೂಪಾಯಿ. ಮಾವನ ಹೋಟೆಲ್ 5% ಜಿಎಸ್‌ಟಿ ಕಟ್ಟುವಂಥದ್ದು. ಅದರಲ್ಲಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅಂದರೆ ಏಜೆನ್ಸಿ ಬಿಲ್ಲಿನ ಆ ತೆರಿಗೆಯೂ ಪೂರ್ತಿ ಅವರ ಜೇಬಿನಿಂದಲೇ ಹೋಗಬೇಕು. ಒಂದು ಮಸಾಲೆ ದೋಸೆ ಮಾರಿದರೆ ಎಲ್ಲಾ ಖರ್ಚು ಕಳೆದು 12 ರೂಪಾಯಿ ಉಳಿಯುತ್ತದೆ ಎಂದು ಅವರೇ ಹೇಳುತ್ತಾರೆ. ಲೆಕ್ಕ ಹಾಕಿದರೆ 10,620 ದೋಸೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಗ್ರೈಂಡರ್ ಹಾಕುವ ಮನುಷ್ಯ ಅಷ್ಟು ದೋಸೆಯ ಲಾಭವನ್ನು ಒಂದು ರಿವ್ಯೂಗೆ ಸುರಿದರು.

ಮಾವ ದಡ್ಡರಲ್ಲ. ಅವರ ಹೆದರಿಕೆಯೂ ಸುಳ್ಳಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ವ್ಯಾಪಾರದ ಲೆಕ್ಕವನ್ನು, ಯೆಲ್ಪ್ ಅನ್ನುವ ರಿವ್ಯೂ ವೆಬ್‌ಸೈಟಿನಲ್ಲಿ ಅವುಗಳಿಗೆ ಸಿಕ್ಕ ರೇಟಿಂಗನ್ನು ಜೊತೆಗಿಟ್ಟು ನೋಡಿದ್ದರು. ರೇಟಿಂಗ್ ಒಂದು ಸ್ಟಾರ್ ಏರಿದರೆ ವ್ಯಾಪಾರ 5ರಿಂದ 9% ಏರುತ್ತದೆ ಎಂದು ಗೊತ್ತಾಯಿತು. ಇದು ದೊಡ್ಡ ಚೈನ್ ಹೋಟೆಲುಗಳಿಗೆ ಅನ್ವಯಿಸಲಿಲ್ಲ. ಅವುಗಳ ಹೆಸರು ಜನಕ್ಕೆ ಮೊದಲೇ ಗೊತ್ತು, ಅಲ್ವಾ? ಸ್ಟಾರ್ ನೋಡಿಕೊಂಡು ಒಳಗೆ ಬರುವುದು ಮಾವನಂಥವರ ಹೋಟೆಲಿಗೆ. ಪೆಟ್ಟು ಬೀಳುವುದೂ ಅವರಿಗೇ.

ಇನ್ನೊಂದು ಲೆಕ್ಕ ಕೇಳಿ. ನಿಮ್ಮ ಅಂಗಡಿಯ ಸರಾಸರಿ 4.5 ಇದೆ ಅಂದುಕೊಳ್ಳಿ. ಒಬ್ಬರು ಒಂದು ಸ್ಟಾರ್ ಕೊಟ್ಟರು. ಮತ್ತೆ 4.5ಕ್ಕೆ ಬರಬೇಕಾದರೆ ಏಳು ಜನ ಐದೈದು ಸ್ಟಾರ್ ಕೊಡಬೇಕು. ಹೊಟ್ಟೆ ತುಂಬ ತಿಂದು ಖುಷಿಯಾಗಿ ಹೋದವರು ಫೋನ್ ತೆಗೆದು ಬರೆಯುವುದಿಲ್ಲ. ಸಿಟ್ಟು ಬಂದವರು ಕೈ ತೊಳೆಯುವ ಮೊದಲೇ ಬರೆಯುತ್ತಾರೆ. ಆ ಏಳು ಜನ ಎಲ್ಲಿಂದ ಬರಬೇಕು? ಏಜೆನ್ಸಿಯ ಹುಡುಗ ಬರುವುದು ಇಲ್ಲಿಗೇ.

ಮಾವನ ಅಗ್ರಿಮೆಂಟನ್ನು ಆಮೇಲೆ ನಾನು ಕೂತು ಓದಿದೆ. ಕೆಟ್ಟ ರಿವ್ಯೂಗಳನ್ನು ರಿಪೋರ್ಟ್ ಮಾಡುವುದು. ಎಲ್ಲಾ ರಿವ್ಯೂಗೆ ಉತ್ತರ ಬರೆಯುವುದು. ತಿಂಗಳಿಗೆ 15 'ಪಾಸಿಟಿವ್ ರಿವ್ಯೂ' ತರಿಸುವುದು. ಅಷ್ಟೇ.

ರಿಪೋರ್ಟ್ ಮಾಡುವುದಕ್ಕೆ ಗೂಗಲ್ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಪುಟ, ಫ್ರೀ. ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿದರೆ ರಿಪೋರ್ಟ್ ಆಯ್ಕೆ ಬರುತ್ತದೆ. ಗೂಗಲ್ ಒಪ್ಪದಿದ್ದರೆ ಒಂದು ಸಲ ಮೇಲ್ಮನವಿ ಹಾಕಬಹುದು. ಬೈಗುಳ ಇದ್ದರೆ, ನಕಲಿ ರಿವ್ಯೂ ಆಗಿದ್ದರೆ, ಬೇರೆ ಅಂಗಡಿಯ ವಿಷಯ ಇದ್ದರೆ ತೆಗೆಯುತ್ತಾರೆ. "ಸಾಂಬಾರ್ ತಣ್ಣಗಿತ್ತು" ಎಂದು ಬರೆದಿದ್ದರೆ ತೆಗೆಯುವುದಿಲ್ಲ, ತೆಗೆಯಲೂಬಾರದು. ಖಂಡಿತ ತೆಗೆಸಿಕೊಡ್ತೀವಿ ಎಂದು ಯಾರಾದರೂ ಹೇಳಿದರೆ, ತಮ್ಮ ಕೈಯಲ್ಲಿ ಇಲ್ಲದ್ದನ್ನು ಅವರು ನಿಮಗೆ ಮಾರುತ್ತಿದ್ದಾರೆ.

ಇನ್ನು ಆ 15 ರಿವ್ಯೂ. ಮೊದಲ ತಿಂಗಳು ಬಂದವು. ಮಾವ ಖುಷಿಪಟ್ಟರು. ಎರಡನೇ ತಿಂಗಳು ನಾನು ಊರಿಗೆ ಹೋದಾಗ ಗಲ್ಲಾ ಪಕ್ಕ ಸ್ಟೂಲ್ ಹಾಕಿಕೊಂಡು ಇಬ್ಬರೂ ಒಂದೊಂದೇ ಓದಿದೆವು. ಎಲ್ಲಾ ಇಂಗ್ಲಿಷಿನಲ್ಲಿ. ಎಲ್ಲಾ 'ಸೂಪರ್ ಟೇಸ್ಟ್', 'ನೈಸ್ ಆಂಬಿಯೆನ್ಸ್'. ಒಬ್ಬರು ಇಲ್ಲಿನ ಪನೀರ್ ಟಿಕ್ಕಾವನ್ನು ಹೊಗಳಿದ್ದರು. ಮಾವನ ಹೋಟೆಲಿನಲ್ಲಿ ಪನೀರ್ ಅನ್ನುವುದೇ ಇಲ್ಲ. ಮಾವ ಆ ಸಾಲನ್ನು ಎರಡು ಸಲ ಓದಿದರು. ಫೋನನ್ನು ಮಗುಚಿ ಗಲ್ಲಾ ಮೇಲಿಟ್ಟರು. "ಮೂವತ್ತು ವರ್ಷ ನಾನು ಯಾರಿಗೂ ಸುಳ್ಳು ತಿಂಡಿ ಕೊಟ್ಟವನಲ್ಲ ಕಣೋ" ಅಂದರು. ಮತ್ತೆ ಮಾತಾಡಲಿಲ್ಲ.

ಮೂರನೇ ತಿಂಗಳು ಗೂಗಲ್ ಅವನ್ನೆಲ್ಲ ಅಳಿಸಿತು. ಅವುಗಳ ಜೊತೆ ಊರಿನವರೇ ಪ್ರೀತಿಯಿಂದ ಬರೆದಿದ್ದ ಕೆಲವು ನಿಜವಾದ ರಿವ್ಯೂಗಳೂ ಹೋದವು. 2024ರಲ್ಲಿ ನಿಯಮ ಮೀರಿದ 24 ಕೋಟಿಗೂ ಜಾಸ್ತಿ ರಿವ್ಯೂಗಳನ್ನು ತಡೆದಿದ್ದೇವೆ ಅಥವಾ ತೆಗೆದಿದ್ದೇವೆ ಎಂದು ಗೂಗಲ್ ಹೇಳಿದೆ. ನಕಲಿ ರಿವ್ಯೂ ಸಿಕ್ಕಿಬಿದ್ದರೆ ಆ ಅಂಗಡಿಗೆ ಕೆಲವು ಕಾಲ ಹೊಸ ರಿವ್ಯೂ ಬರದ ಹಾಗೆ ಮಾಡುವ ನಿಯಮವೂ ಇದೆ. ಇಲ್ಲಿ ನಕಲಿ ರಿವ್ಯೂ ತೆಗೆಯಲಾಗಿದೆ ಎಂದು ಪ್ರೊಫೈಲಿನ ಮೇಲೆಯೇ ಎಚ್ಚರಿಕೆ ಹಾಕಬಹುದು. ಏಜೆನ್ಸಿಯ ಹೆಸರು ಅಲ್ಲಿ ಇರುವುದಿಲ್ಲ. ನಿಮ್ಮ ಅಂಗಡಿಯ ಹೆಸರು ಇರುತ್ತದೆ.

ಕಾನೂನೂ ಬಿಗಿಯಾಗುತ್ತಿದೆ. ನಮ್ಮ ದೇಶದಲ್ಲಿ 2022ರ ನವೆಂಬರ್‌ನಲ್ಲಿ ಐಎಸ್ 19000 ಅನ್ನುವ ಮಾನದಂಡ ಬಂತು. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಎಂದು ಅದು ಹೇಳುತ್ತದೆ. ಬಂದಾಗ ಅದು ಕಡ್ಡಾಯವಾಗಿರಲಿಲ್ಲ, ಅದೇ ಅದರ ಕೊರತೆ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ನಕಲಿ ರಿವ್ಯೂ ಮಾರುವುದಕ್ಕೂ ಕೊಳ್ಳುವುದಕ್ಕೂ ದಂಡ ಇದೆ.

ದೊಡ್ಡವರಾದರೂ ಇದರಲ್ಲಿ ಗೆಲ್ಲುತ್ತಾರಾ? ಈ ವ್ಯವಹಾರದ ಬಿಲ್ಲು ಹೊರಗೆ ಬರುವುದು ಅಪರೂಪ. ಒಂದು ಸಲ ಬಂತು. 2011ರ ನವೆಂಬರ್ 18. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸು. ನೆಲದ ಮೇಲೆ ಸುಮ್ಮನೆ ಕೂತು ಪ್ರತಿಭಟನೆ ಮಾಡುತ್ತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಆ ದೃಶ್ಯ ಎಲ್ಲಾ ಕಡೆ ಹರಡಿತು. ವಿಶ್ವವಿದ್ಯಾಲಯದ ಹೆಸರು ಹುಡುಕಿದರೆ ಅದೇ ಬರುತ್ತಿತ್ತು. ಅದು ಕಾಣದ ಹಾಗೆ ಕೆಳಗೆ ತಳ್ಳಲು, ಹೆಸರು ಸುಧಾರಿಸಲು ಸಲಹಾ ಕಂಪನಿಗಳಿಗೆ ಕೊಟ್ಟದ್ದು ಕಡಿಮೆಯೆಂದರೂ 1,75,000 ಡಾಲರ್. ಒಂದು ಕಂಪನಿಗೆ ತಿಂಗಳಿಗೆ 15,000 ಡಾಲರ್ ಲೆಕ್ಕ. 2016ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಬೀ ಪತ್ರಿಕೆ ಈ ಒಪ್ಪಂದಗಳನ್ನು ಬಯಲಿಗೆ ತಂದಿತು. ಜನ ಮರೆಯುತ್ತಿದ್ದ ಆ ಫೋಟೋ ಮತ್ತೆ ಪೇಪರುಗಳಿಗೆ ಬಂತು, ಈ ಸಲ ಬಿಲ್ಲಿನ ಸಮೇತ. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಚಾನ್ಸೆಲರ್ ರಾಜೀನಾಮೆ ಕೊಟ್ಟರು. ಅವರ ಮೇಲೆ ಬೇರೆ ಆರೋಪಗಳೂ ಇದ್ದವು.

ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಮುಚ್ಚಿಸಲು ಹೋದ ದುಡ್ಡೇ ನನಗೆ ಹೊಟ್ಟೆ ಉರಿಸುವುದು.

ಹಾಗಂತ ಈ ಕೆಲಸವೆಲ್ಲ ಮೋಸ ಅನ್ನುವುದಿಲ್ಲ. ಹತ್ತು ಬ್ರಾಂಚ್ ಇರುವ ಆಸ್ಪತ್ರೆ, ಮುನ್ನೂರು ರೂಮಿನ ಲಾಡ್ಜು ಅಂಥವರಿಗೆ ದಿನಾ ಬರುವ ದೂರು ಓದಿ, ಸರಿಯಾದ ವಿಭಾಗಕ್ಕೆ ಮುಟ್ಟಿಸಿ, ಉತ್ತರ ಕೊಡಲು ಜನ ಬೇಕು. ಅದಕ್ಕೆ ಸಂಬಳ ಕೊಡಿ, ಚೆನ್ನಾಗಿಯೇ ಕೊಡಿ. ಬೇಕಂತಲೇ ಹೆಸರು ಕೆಡಿಸುವವರೂ ಇದ್ದಾರೆ. ಅಂಥವರಿಗೆ ಸಾಕ್ಷಿ ಇಟ್ಟುಕೊಂಡು ವಕೀಲರ ಹತ್ತಿರ ಹೋಗುವುದರಲ್ಲಿ ತಪ್ಪಿಲ್ಲ. ಎಂಟು ಟೇಬಲ್ಲಿನ ಹೋಟೆಲಿಗೆ ಬೇಕಾಗಿರುವುದು ಬೇರೆ. ರಾತ್ರಿ ಬಾಗಿಲು ಹಾಕಿದ ಮೇಲೆ ಹತ್ತು ನಿಮಿಷ. ಮತ್ತೆ, ಬರೆದವರು ಹೇಳಿದ್ದು ನಿಜವಾ ಎಂದು ಅಡುಗೆಮನೆಗೆ ಹೋಗಿ ನೋಡುವ ಮನಸ್ಸು.

ಪನೀರ್ ರಿವ್ಯೂ ಓದಿದ ಅವತ್ತೇ ನಾನು, ಮಾವ ಆ ಒಂದು ಸ್ಟಾರಿನ ರಿವ್ಯೂವನ್ನೂ ಓದಿದೆವು. ಅಲ್ಲಿಯವರೆಗೆ ಅದನ್ನು ಯಾರೂ ಪೂರ್ತಿ ಓದಿರಲಿಲ್ಲ. ಮಾವ ಸ್ಟಾರ್ ನೋಡಿ ಗಾಬರಿಯಾಗಿದ್ದರು, ಏಜೆನ್ಸಿಯವರು 'ಸಾರಿ ಫಾರ್ ದಿ ಇನ್‌ಕನ್ವೀನಿಯೆನ್ಸ್' ಎಂದು ಹಾಕಿ ಮುಂದೆ ಹೋಗಿದ್ದರು. ಬರೆದದ್ದು ಕನ್ನಡದಲ್ಲಿ, ಎರಡು ಸಾಲು. ವಯಸ್ಸಾದ ಅಮ್ಮನ ಜೊತೆ ಬಂದಿದ್ದೆ, ಕೈ ತೊಳೆಯುವ ಜಾಗದಲ್ಲಿ ನೆಲ ಜಾರುತ್ತಿತ್ತು, ಅಮ್ಮ ಬಿದ್ದರು, ಯಾರೂ ಎದ್ದು ಬರಲಿಲ್ಲ.

ಮಾವ ಆ ರಾತ್ರಿ ಉತ್ತರ ಬರೆದರು. ಅವರು ಹೇಳಿದರು, ನಾನು ಟೈಪ್ ಮಾಡಿದೆ. "ತಪ್ಪು ನಮ್ಮದೇ. ಅಮ್ಮ ಹೇಗಿದ್ದಾರೆ? ನಾಳೆಯೇ ಆ ಟೈಲ್ಸ್ ಕೀಳಿಸುತ್ತೇನೆ." ಕೆಳಗೆ ತಮ್ಮ ನಂಬರ್ ಹಾಕಿದರು. ಒರಟು ಟೈಲ್ಸ್, ಹಿಡಿದುಕೊಳ್ಳಲು ಒಂದು ಸ್ಟೀಲ್ ಪೈಪು, ಗಾರೆ ಕೆಲಸದವರ ಕೂಲಿ ಎಲ್ಲಾ ಸೇರಿ 6,200 ರೂಪಾಯಿ ಆಯಿತು. ಫೋನ್ ಬರಲಿಲ್ಲ. ಆ ರಿವ್ಯೂ ಈಗಲೂ ಅಲ್ಲೇ ಇದೆ, ಅದೇ ಒಂದು ಸ್ಟಾರಿನ ಜೊತೆ. ಆ ಅಮ್ಮ ಹೇಗಿದ್ದಾರೋ ಎಂದು ಮಾವ ಈಗಲೂ ಕೇಳುತ್ತಾರೆ.