ಬ್ಯಾಟರಿ ಬದಲಿಸಿದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ. ರಾಯಚೂರಿನ ನಿಮ್ಮ ಮನೆಗೆ ನೆಂಟರು ಬರುತ್ತಿದ್ದಾರೆ ಅಂದುಕೊಳ್ಳಿ. ಫೋನಿನಲ್ಲಿ ನೀವು, ‘ತೀನ್ ಕಂದೀಲ್ ಹತ್ರ ಬಲಕ್ಕೆ ತಿರುಗಿರಿ’ ಅನ್ನುತ್ತೀರಿ. ಯಾರ ಬಲ? ಈ ಕಡೆಯಿಂದ ಬಂದವರಿಗೆ ಒಂದು, ಆ ಕಡೆಯಿಂದ ಬಂದವರಿಗೆ ಇನ್ನೊಂದು. ನೆಂಟರು ದಾರಿ ತಪ್ಪಿದರೆ ಊಟ ತಣ್ಣಗಾಗುತ್ತದೆ, ಅಷ್ಟೇ. ಯುದ್ಧದಲ್ಲಿ ನೆಲದ ಮೇಲಿನ ಸೈನಿಕ ಪೈಲಟ್‌ಗೆ ರೇಡಿಯೋದಲ್ಲಿ ಹೀಗೇ ಜಾಗ ಹೇಳಬೇಕು. ಅಲ್ಲಿ ಬಂದು ಬೀಳುವುದು ಬಾಂಬು.

ಅದಕ್ಕೇ ನಾನು, ಹೀಗೆ ಜಾಗ ಹೇಳುವುದನ್ನು ಕಲಿಯುವ ತರಬೇತಿಯ ಹುಡುಗರಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಮೊದಲು ನೀನೆಲ್ಲಿದ್ದೀ, ಅದನ್ನು ನೋಡಿಕೊ.

2001ರ ಡಿಸೆಂಬರ್ 5. ಅಫ್ಘಾನಿಸ್ತಾನದ ಕಂದಹಾರ್ ಹತ್ತಿರ ಅಮೆರಿಕದ ಸೈನಿಕರ ತಂಡ. ವಿಮಾನ ಕರೆಯುವವನ ಕೈಯಲ್ಲಿ ಜಿಪಿಎಸ್ ಯಂತ್ರ. ಶತ್ರು ಇರುವ ಜಾಗದ ಲೆಕ್ಕ ಮುಗಿದಿತ್ತು. ಅಷ್ಟರಲ್ಲಿ ಬ್ಯಾಟರಿ ಹೋಯಿತು. ಹೊಸದು ಹಾಕಿದ. ಪರದೆಯ ಮೇಲೆ ನಂಬರ್ ಬಂತು, ಓದಿ ಹೇಳಿದ. ಆದರೆ ಆ ಯಂತ್ರ ಬ್ಯಾಟರಿ ಬದಲಿಸಿದ ಮೇಲೆ ತೋರಿಸುವುದು ತಾನಿರುವ ಜಾಗವನ್ನು! ಬಿ-52 ವಿಮಾನ ಸುಮಾರು 900 ಕಿಲೋ ತೂಕದ ಬಾಂಬು ಹಾಕಿತು. ಬಾಂಬಿನದೇನೂ ತಪ್ಪಿಲ್ಲ, ಹೇಳಿದ ಜಾಗಕ್ಕೇ ಬಿತ್ತು. ಅಮೆರಿಕದ 3 ಸೈನಿಕರು, ಜೊತೆಗಿದ್ದ ಹಲವು ಅಫ್ಘನ್ನರು ಸತ್ತರು. ಮುಂದೆ ದೇಶದ ಅಧ್ಯಕ್ಷರಾದ ಹಮೀದ್ ಕರ್ಜಾಯಿ ಅಲ್ಲೇ ಇದ್ದರು. ಸಣ್ಣ ಗಾಯದಲ್ಲಿ ಉಳಿದರು.

ಈ ಪಾಠವನ್ನು ನಿಜವಾದ ಬಾಂಬು ಇಟ್ಟುಕೊಂಡು ಹೇಗೆ ಕಲಿಸುತ್ತೀರಿ? ಸಿಮ್ಯುಲೇಟರ್ ಇರುವುದೇ ಇದಕ್ಕೆ. ದೊಡ್ಡ ಪರದೆ, ಅದರಲ್ಲಿ ಗುಡ್ಡ, ಹಳ್ಳ, ಟ್ಯಾಂಕು. ಕಿವಿಯಲ್ಲಿ ಪೈಲಟ್ ದನಿ. ಪಕ್ಕದ ಕೋಣೆಯಲ್ಲಿ ಕೂತು ಪೈಲಟ್ ಆಗಿ ಮಾತಾಡುತ್ತಿದ್ದವನು ನಾನೇ. ಅಭ್ಯಾಸದ ನಡುವೆ ಸುಮ್ನೆ ಹುಡುಗರ ಜಿಪಿಎಸ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ನಮ್ಮ ಸಿಂಧನೂರು ಕಡೆಯ ಒಬ್ಬ ಹುಡುಗ ಗಡಿಬಿಡಿಯಲ್ಲಿ ಬಂದ ನಂಬರನ್ನೇ ಓದಿಬಿಟ್ಟ. ಪರದೆಯ ಬಾಂಬು ಅವನ ಮೇಲೇ ಬಿತ್ತು, ಪರದೆ ಬೆಳ್ಳಗಾಯಿತು. ‘ಸರ್, ಇದು ಗೇಮ್ ಐತಲ್ರೀ’ ಅಂತ ನಕ್ಕ. ಅವನಿಗೆ ನಾನು ಕಂದಹಾರಿನ ಕಥೆ ಹೇಳಿದೆ. ಮಾರನೇ ದಿನ ಮತ್ತೆ ಆಫ್ ಮಾಡಿದೆ. ಈ ಸಲ ರೇಡಿಯೋ ಗುಂಡಿ ಒತ್ತಲಿಲ್ಲ. ನಕ್ಷೆಯಲ್ಲಿ ತಾನಿದ್ದ ಜಾಗದ ಮೇಲೆ ಎಡಗೈ ಬೆರಳಿಟ್ಟ. ಆಮೇಲೆ ನಂಬರ್ ನೋಡಿದ. ನಾನು ಪೈಲಟ್ ದನಿಯಲ್ಲಿ ‘ಬೇಗ ಹೇಳು, ಬೇಗ’ ಅಂತ ಕೂಗುತ್ತಿದ್ದರೂ ಬೆರಳು ತೆಗೆಯಲಿಲ್ಲ.

ಇದನ್ನು ‘ಕಂಪ್ಯೂಟರ್ ಆಟ’ ಅಂತ ತಾತ್ಸಾರ ಮಾಡುವವರು ಜಾಸ್ತಿ. ಇರಲಿ ಬಿಡಿ. ನ್ಯಾಟೋ ಸೈನ್ಯಗಳಲ್ಲಿ ಪೈಲಟ್‌ಗೆ ಹೇಳುವ ಮಾತಿಗೆ 9 ಸಾಲಿನ ಕಟ್ಟು ಇದೆ. 6ನೇ ಸಾಲು ಗುರಿಯ ಜಾಗ. 8ನೇ ಸಾಲು ನಮ್ಮವರ ಜಾಗ: ಗುರಿಯಿಂದ ಯಾವ ದಿಕ್ಕಿಗೆ, ಎಷ್ಟು ಮೀಟರ್ ದೂರ. ನೋಡಿ, ಅಲ್ಲೂ ಮತ್ತೆ ಅದೇ ಮಾತು: ನೀನೆಲ್ಲಿದ್ದೀ?

ರಾಜಸ್ಥಾನದ ಗಡಿಯಲ್ಲಿ ನಡೆದ ನಮ್ಮ ಲೋಂಗೆವಾಲಾ ಕಾಳಗದ್ದೂ ಡಿಸೆಂಬರ್ 5ರ ಕಥೆಯೇ, 1971ರದ್ದು. ಮೇಜರ್ ಆತ್ಮ ಸಿಂಗ್ ‘ಕೃಷಕ್’ ಅನ್ನುವ ಪುಟ್ಟ ವಿಮಾನದಲ್ಲಿ ಹಾರುತ್ತಾ ನಮ್ಮ ಹಂಟರ್ ವಿಮಾನಗಳಿಗೆ ಪಾಕಿಸ್ತಾನದ ಟ್ಯಾಂಕುಗಳನ್ನು ತೋರಿಸಿಕೊಟ್ಟರು. ಅದನ್ನೂ ಹೇಳಬೇಕು ಅಂತಲೇ ಬಂದಿದ್ದೆ. ನನಗೆ ಕೊಟ್ಟ ಸಮಯವೆಲ್ಲ ಬ್ಯಾಟರಿಗೇ ಹೋಯಿತು. ನಮಸ್ಕಾರ.